ಚೀಟಿಯ ಎಡಗಡೆಯ ಶ್ರೀ

ಮೊನ್ನೆ ಮಧ್ಯಾಹ್ನ ಹಿತ್ತಲ ಒಲೆಯ ಮೇಲೆ ಸೀರೆಗಳಿಗೆ ಹಾಕುವ ಗಂಜಿ ಕಾಯಿಸುತ್ತಿದ್ದೆ. ಅಂಚೆಯವನು ಒಂದು ಕಾರ್ಡು ಕೊಟ್ಟು ಹೋದ. ಕಾರ್ಡಿನ ತಲೆಯ ಮೇಲೆ ಶ್ರೀ ಇರಲಿಲ್ಲ. ನಮ್ಮಲ್ಲಿ ಸಾವಿನ ಸುದ್ದಿಯ ಕಾಗದಕ್ಕೆ ಮಾತ್ರ ಶ್ರೀ ಬರೆಯುವುದಿಲ್ಲ. ಓದುವ ಮೊದಲೇ ಒಲೆಯ ಮುಂದೆ ಕೂತುಬಿಟ್ಟೆ.

ಯಲ್ಲಾಪುರದಿಂದ ಮಾಸ್ತರ ಮಗಳು ಬರೆದದ್ದು. ಅಪ್ಪಯ್ಯ ನಿದ್ದೆಯಲ್ಲೇ ಹೋದರು, ನರಳಲಿಲ್ಲ ಎಂದಿತ್ತು. ಅಷ್ಟು ಮಟ್ಟಿಗೆ ದೇವರು ದೊಡ್ಡವನು. ಕೆಳಗೆ ಇನ್ನೆರಡು ಸಾಲು: ಅವರ ಪೆಟ್ಟಿಗೆಯಲ್ಲಿ ನಶ್ಯದ ಡಬ್ಬಿಯೊಂದು ಸಿಕ್ಕಿದೆ, ಅದರ ತುಂಬ ಬರೀ ಶ್ರೀ ಎಂದು ಬರೆದ ಕಾಗದದ ಚೂರುಗಳು, ಅಕ್ಷರ ನಿಮ್ಮದರಂತೆ ಕಾಣುತ್ತದೆ, ಏನು ಮಾಡಲಿ?

ಒಲೆಯ ಮೇಲೆ ಗಂಜಿ ಕೊತಕೊತ ಎನ್ನುತ್ತಿತ್ತು. ಆ ಚೂರುಗಳನ್ನು ಕತ್ತರಿಸಿದ ದಿನವೂ ಮನೆ ತುಂಬ ಇದೇ ವಾಸನೆ ಇತ್ತು...

ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯೇ ಮಾಸ್ತರದು. ಕನ್ನಡ ಶಾಲೆಯಿಂದ ನಿವೃತ್ತರಾಗಿದ್ದರು. ಹೆಂಡತಿ ಇರಲಿಲ್ಲ, ಮಗಳನ್ನು ಯಲ್ಲಾಪುರಕ್ಕೆ ಕೊಟ್ಟಾಗಿತ್ತು. ಕೆಲಸದಲ್ಲಿದ್ದಾಗ ರಜೆ ಸಿಕ್ಕಾಗಲೆಲ್ಲ ಸಿದ್ದಾಪುರದ ಕಡೆಯ ಹಳೇ ಕೆರೆಗಳನ್ನು ನೋಡಿ ಬರುತ್ತಿದ್ದರು. ಯಾರು ಕಟ್ಟಿಸಿದ್ದು, ಯಾವಾಗ ಕಟ್ಟಿಸಿದ್ದು ಎಂದು ಹತ್ತು ವರ್ಷ ಹುಡುಕಿ ಒಂದು ಲೇಖನ ಬರೆದು, ಧಾರವಾಡದ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದರು. ರಾಜ್ಯ ಒಂದಾದ ಎರಡನೆಯ ವರ್ಷವೋ ಮೂರನೆಯದೋ ಇರಬೇಕು.

ಲೇಖನ ತಿರುಗಿ ಬಂತು. ಬರಹ ಚೆನ್ನಾಗಿದೆ, ಆದರೆ ಆಧಾರ ಗ್ರಂಥಗಳ ಪಟ್ಟಿ ನಿಯಮದ ಪ್ರಕಾರ ಇಲ್ಲ, ತಿಂಗಳೊಳಗೆ ಸರಿಮಾಡಿ ಕಳಿಸಿದರೆ ಮಾತ್ರ ಅಚ್ಚು ಹಾಕುತ್ತೇವೆ ಎಂದು ಬರೆದಿದ್ದರು. ಜೊತೆಗೆ ನಿಯಮದ ಹಾಳೆ. ಮೊದಲು ಬರೆದವರ ಹೆಸರು, ಆಮೇಲೆ ಪುಸ್ತಕದ ಹೆಸರು, ಊರು, ಇಸವಿ, ಪುಟ. ಹೆಸರಿಗೆ ಗೌರವದ ಮಾತು ಸೇರಿಸಬಾರದು. ಎಲ್ಲವೂ ಅಕಾರಾದಿಯಾಗಿ ಇರಬೇಕು. ಹೊಡೆದು ತಿದ್ದಿದ್ದು ನಡೆಯದು.

ಮಾಸ್ತರ ಕಣ್ಣು ಆಗಲೇ ಸೋಲುತ್ತಿತ್ತು. ವರ್ಷದೊಳಗೆ ಪೂರ್ತಿ ಹೋಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಬಿಟ್ಟಿದ್ದರು. ಇನ್ನೊಂದು ಲೇಖನ ಬರೆಯುವುದು ಆಗದ ಮಾತು. ಇದೊಂದು ಅಚ್ಚಾಗಬೇಕು ಎಂಬುದು ಬಿಟ್ಟರೆ ಅವರಿಗೆ ಬೇರೆ ಆಸೆ ಇದ್ದದ್ದು ನಾನು ಕಾಣೆ.

ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು, ಅಕ್ಷರ ದುಂಡಗಿತ್ತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವರು ಪುಸ್ತಕಗಳ ಗಂಟು ಹೊತ್ತು ನಮ್ಮ ಜಗಲಿಗೆ ಬರುತ್ತಿದ್ದರು. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿ ಹೇಳುವರು, ನಾನು ಚೀಟಿಯಲ್ಲಿ ಬರೆಯುವುದು. ಒಂದು ಪುಸ್ತಕಕ್ಕೆ ಒಂದು ಚೀಟಿ. ಅತ್ತೆ ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು.

“ಕೆರೆ ಎಲ್ಲಿದ್ದು ಹೇಳಲೆ ಇಷ್ಟು ಪುಸ್ತಕ ಎಂತಕ್ಕೆ ಮಾಸ್ತರ್ರೆ? ಎಮ್ಮೆ ಹತ್ರ ಕೇಳಿದ್ರೂ ದಾರಿ ತೋರಸ್ತಿತ್ತು” ಎಂದು ಅತ್ತೆ ಕೆಣಕಿದರು.

“ಎಮ್ಮೆ ಹೇಳಿದ್ರೆ ಅದರ ಹೆಸರೂ ಬರಿಯವು ಅತ್ತಿಗೆ. ಯಾರು ಹೇಳಿದ್ದು ಹೇಳದ್ದೇ ಇದ್ರೆ ಕದ್ದ ಹಾಂಗೆ ಆಗ್ತು” ಎಂದರು ಮಾಸ್ತರು. ನಗುತ್ತಲೇ ಹೇಳಿದರು, ಆದರೆ ಅದು ತಮಾಷೆಯ ಮಾತಾಗಿರಲಿಲ್ಲ.

ಐವತ್ತೆರಡು ಚೀಟಿ ಆಯಿತು. ಚೆಂದದ ಪ್ರತಿ ಮಾಡಿಕೊಡಲು ಮಾಮಲೇದಾರ ಕಚೇರಿಯ ಕಾರಕೂನರೊಬ್ಬರು ಒಪ್ಪಿದ್ದರು. ಮುತ್ತಿನಂಥ ಅಕ್ಷರ ಅವರದು. ಅಂಚೆಗೆ ಹಾಕಲು ಎರಡು ದಿನ ಉಳಿದಿರುವಾಗ, ಬೆಳಿಗ್ಗೆ ಪ್ರತಿ ತಂದುಕೊಟ್ಟರು.

“ಚೀಟಿಯೊಳಗ ಹೆಂಗದನೋ ಹಂಗ ಬರದೇನ್ರಿ. ಒಂದಕ್ಷರ ಆಚೀಚಿ ಮಾಡಿಲ್ಲ. ಆದ್ರ ಐವತ್ತೆರಡೂ ಶಕಾರಕ್ಕ ಬಂದಾವ, ನನಗೂ ಸೋಜಿಗ ಆತು” ಎಂದರು.

ನಾನು ಚೀಟಿಗಳ ಕಟ್ಟು ಬಿಚ್ಚಿ ನೋಡಿದೆ. ಏನು ಬರೆಯಲು ಕೂತರೂ ಮೊದಲು ಶ್ರೀ ಬರೆಯುವುದು ನನ್ನ ತವರಿನಿಂದ ಬಂದ ಅಭ್ಯಾಸ. ಅಂಗಡಿ ಸಾಮಾನಿನ ಪಟ್ಟಿಗೂ ಶ್ರೀ ಇಲ್ಲದೆ ಕೈ ಓಡದು. ಚೀಟಿ ಎರಡೇ ಬೆರಳಗಲ, ಮೇಲೆ ಜಾಗ ಸಾಲದೆ ಹೆಸರಿನ ಎಡಕ್ಕೇ ಬರೆದುಬಿಟ್ಟಿದ್ದೆ. ಅದನ್ನು ಹೆಸರಿನದೇ ಭಾಗ ಎಂದುಕೊಂಡು ಕಾರಕೂನರು ಎಲ್ಲರನ್ನೂ ಶಕಾರದಡಿ, ಚೀಟಿ ಸಿಕ್ಕ ಕ್ರಮದಲ್ಲೇ, ಒಟ್ಟಿಗೆ ಹಾಕಿದ್ದರು. ಗೌರವದ ಮಾತು ಕೂಡದು ಎಂಬ ನಿಯಮವೂ ಮುರಿದಿತ್ತು, ಅಕಾರಾದಿಯೂ ಕೆಟ್ಟಿತ್ತು. ಮತ್ತೆ ಬರೆದುಕೊಡಿ ಎನ್ನುವಂತಿರಲಿಲ್ಲ, ಕಾರಕೂನರು ಅವತ್ತೇ ಸಾಹೇಬರ ಜೊತೆ ಕ್ಯಾಂಪಿಗೆ ಹೊರಟಿದ್ದರು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮಾಸ್ತರು ಚೀಟಿಗಳ ಮೇಲೆ ಕೈಯಾಡಿಸಿದರು. ಆಮೇಲೆ, “ಅಳಡ ತಂಗಿ. ಇಷ್ಟು ಶ್ರೀ ಹೊತ್ತ ಲೇಖನ ಧಾರವಾಡ ಇನ್ನೂ ಕಂಡಿರಲೆ ಇಲ್ಲೆ. ಗೀಟು ಹೊಡಿಯದು ಬ್ಯಾಡ, ಅದಕ್ಕೆ ನಿನ್ನ ಕೈ ಬತ್ತಿಲ್ಲೆ. ಕತ್ತರಿ ತಗಬಾ” ಎಂದರು.

ಶ್ರೀಯ ಮೇಲೆ ಗೀಟೆಳೆಯುವುದು ನನ್ನಿಂದ ಆಗದು ಎಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ...

ಅತ್ತೆ ಗಂಜಿ ಕಾಯಿಸಿದರು. ನಾನು ಒಂದೊಂದು ಚೀಟಿಯ ಎಡತುದಿ ಕತ್ತರಿಸಿ, ಹೆಸರು ಓದಿ ಹೇಳಿ, ಮಾಸ್ತರು ಹೇಳಿದ ಕ್ರಮದಲ್ಲಿ ಹಾಳೆಗೆ ಅಂಟಿಸಿದೆ. ಬಿದ್ದ ಚೂರುಗಳನ್ನು ಯಾರೂ ತುಳಿಯದ ಹಾಗೆ ಅವರು ನೆಲ ತಡವಿ ತಡವಿ ಹೆಕ್ಕಿ, ನಶ್ಯದ ಖಾಲಿ ಡಬ್ಬಿಗೆ ಹಾಕಿಕೊಂಡರು.

ಒಂದು ಚೀಟಿ ಅಂಟಿಸುವಾಗ ನನ್ನ ಕೈ ನಿಂತಿತು. ಅದು ಮಂಚಿಕೇರಿಯ ಒಂದು ಮನೆಯಿಂದ ತಂದು, ತಿರುಗಿ ಕೊಟ್ಟಾಗಿದ್ದ ಪುಸ್ತಕದ್ದು. ಅವರು ಪುಟ ಹೇಳುವಾಗಲೇ ಒಳಗೆ ಹಾಲು ಉಕ್ಕಿತ್ತು. ಓಡಿಹೋಗಿ, ತಿರುಗಿ ಬಂದು, ನೆನಪಿನಿಂದ ನಲವತ್ತಾರು ಎಂದು ಬರೆದಿದ್ದೆ. ಅರವತ್ತನಾಲ್ಕು ಎಂದಿದ್ದರೋ ಏನೋ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ತಪ್ಪಿಗೇ ನಾಚಿಕೆಯಾಗಿದೆ, ಇನ್ನೊಂದು ಹೇಳುವುದು ಹೇಗೆ? ಆದರೆ ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂರಬೇಕಲ್ಲ. ಹೇಳಿಬಿಟ್ಟೆ. ನಾಳೆ ಹೋಗಿ ನೋಡಿ ಬರುತ್ತೇನೆ ಎಂದರು ಮಾಸ್ತರು.

“ಈ ಕಣ್ಣು ಕಟ್ಕಂಡು ಮಂಚಿಕೇರಿಗೆ ಹೋಗದು ಬ್ಯಾಡ. ಒಂದು ಪುಟ ತಪ್ಪಿದ್ರೆ ಯಾರು ನೋಡ್ತ?” ಎಂದರು ಅತ್ತೆ.

“ಯಾರೋ ಒಬ್ಬ ನನ್ನ ನಂಬಿ ಆ ಪುಟ ತೆಗೆದು ನೋಡ್ತ, ಅತ್ತಿಗೆ” ಎಂದರು ಮಾಸ್ತರು.

ಮರುದಿನ ಮೊದಲ ಬಸ್ಸಿಗೆ ಹೋದರು. ಅವರು ಕಂಡಕ್ಟರನ ಕೈ ಹಿಡಿದು ಮೆಟ್ಟಿಲು ಹತ್ತಿದ್ದನ್ನು ನನ್ನ ಯಜಮಾನರು ನೋಡಿ ಬಂದರು. ನಾನು ಅವತ್ತು ಉಪವಾಸ ಮಾಡಿದೆ. ಸಂಜೆ ಧೂಳು ಮೆತ್ತಿದ ಧೋತರದಲ್ಲಿ ಬಂದು ಜಗಲಿಯಲ್ಲಿ ಕೂತು, ನೀರು ಕುಡಿದು ಹೇಳಿದರು: “ಆ ಮನೆ ಸೊಸೆ ಹತ್ರ ಎರಡು ಸಲ ಓದಿಸ್ದಿ. ನಲವತ್ತಾರೇ ಸರಿ.”

“ಹಾಂಗಾರೆ ಸುಮ್ಮನೆ ಹೋಗಿ ಬಂದ ಹಾಂಗಾತು” ಎಂದರು ಅತ್ತೆ.

“ಸುಮ್ಮನೆ ಎಂತಕ್ಕೆ? ನಿನ್ನೆ ಗೊತ್ತಿರಲ್ಲೆ, ಇವತ್ತು ಗೊತ್ತಿದ್ದು.”

ಮರುದಿನ ಬೆಳಿಗ್ಗೆ ಲೇಖನ ಅಂಚೆಗೆ ಬಿತ್ತು. ಅಚ್ಚಾಗಿ ಬರುವಾಗ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಪತ್ರಿಕೆಯನ್ನು ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ಲೇಖನ ಓದಲೇ ಎಂದರೆ ಬೇಡ, ಕೊನೆಯ ಪಟ್ಟಿ ಓದು ಎಂದರು. ಐವತ್ತೆರಡು ಹೆಸರನ್ನೂ ಕೈಮುಗಿದು ಕೂತು ಕೇಳಿದರು, ಸಹಸ್ರನಾಮ ಕೇಳುವ ಹಾಗೆ. ಶ್ರೀ ಎಲ್ಲೂ ಇರಲಿಲ್ಲ. ಆದರೂ ಇದ್ದ ಹಾಗೇ ಇತ್ತು ನನಗೆ.

ಸ್ವಲ್ಪ ದಿನದಲ್ಲಿ ಮಗಳು ಬಂದು ಯಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಹೋಗಿ ನೋಡಿ ಬರಬೇಕು ಎಂದು ಪ್ರತಿ ವರ್ಷ ಅಂದುಕೊಂಡೆ... ಹೋಗಲಿಲ್ಲ. ಇನ್ನು ಹೋದರೂ ಅವರಿಲ್ಲ.

ಮೊನ್ನೆ ಗಂಜಿ ಇಳಿಸಿಟ್ಟು, ಉತ್ತರ ಬರೆಯಲು ಕೂತೆ. ಕೈ ತಾನಾಗಿ ಕಾರ್ಡಿನ ತಲೆಗೆ ಹೋಯಿತು. ಸೂತಕದ ಮನೆಗೆ ಬರೆಯುವುದು, ಶ್ರೀ ಹಾಕುವಂತಿಲ್ಲ. ಆ ಜಾಗ ಖಾಲಿ ಬಿಟ್ಟು ಬರೆದೆ: ಡಬ್ಬಿಯಲ್ಲಿರುವುದು ನನ್ನ ತಪ್ಪುಗಳು. ಅಪ್ಪಯ್ಯ ಅವುಗಳನ್ನು ಯಾರ ಕಾಲಿಗೂ ಸಿಗದ ಹಾಗೆ ಇಷ್ಟು ವರ್ಷ ಇಟ್ಟುಕೊಂಡಿದ್ದರು. ಹರಿಯುವ ನೀರಿಗೆ ಬಿಡು ತಂಗಿ.

ಸಾವಿನ ಕಾಗದ ಮನೆಯಲ್ಲಿ ಇಡಬಾರದೆಂಬ ಪದ್ಧತಿಯಂತೆ ಬಂದ ಕಾರ್ಡನ್ನು ಹರಿದು ಒಲೆಗೆ ಹಾಕಿದೆ. ಗಂಜಿ ಆರಿ ಮೇಲೆ ಕೆನೆ ಕಟ್ಟಿತ್ತು. ಬಿಸಿನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಸೀರೆಗಳನ್ನು ಒಂದೊಂದಾಗಿ ಅದ್ದಿದೆ.