ಹಗಲಿನ ಉಡಕಿ

ಊರವರಿಗೆ ಹೊಸ ವರ್ಷವೆಂದರೆ ಯುಗಾದಿ. ನಾವು ಜನವರಿಯಲ್ಲಿ ಹೊಸ ವರ್ಷ ಮಾಡಲು ಶುರು ಮಾಡಿದಾಗ ಬೇವೂರಿನ ಕಡೆಯ ಜನ ನಕ್ಕರು. ಬೇವಿನ ಗಿಡಕ್ಕೆ ಚಿಗುರಿಲ್ಲ, ಹೊಲದಲ್ಲಿ ಜೋಳ ಇನ್ನೂ ನಿಂತಿದೆ, ಇದೆಂಥ ಹೊಸ ವರ್ಷ ನಿಮ್ಮದು ಎಂದು. ನಗಲಿ ಬಿಡಿ.

ನಮ್ಮ ಕೇರಿಯ ಹತ್ತು ಮನೆಗಳು ಕ್ರಿಸ್ತನನ್ನು ನಂಬಿ ತಲೆಯ ಮೇಲೆ ನೀರು ಹಾಕಿಸಿಕೊಂಡು ಆಗ ಮೂರು ವರ್ಷವಾಗಿತ್ತು. ಎಲ್ಲರಿಗಿಂತ ಮುಂದೆ ನಿಂತವನು ನನ್ನ ಸೋದರಮಾವ. ಊರ ಹಬ್ಬಕ್ಕೆ ಹಲಗೆ ಬಾರಿಸುವುದಿಲ್ಲ, ಸತ್ತ ದನ ಎಳೆಯುವುದಿಲ್ಲ ಎಂದು ಗೌಡರ ಎದುರಿಗೇ ಹೇಳಿ ಬಂದವನು. ಅದಕ್ಕೆ ಒಂದು ಸುಗ್ಗಿ ಪೂರ್ತಿ ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಅಂಥ ಗಂಡಸು. ನನ್ನ ಮದುವೆಯ ಮಾತು ಬಂದಾಗ ಮಾತ್ರ ಅವನ ಎದೆಯೂ ನಡುಗಿತು.

ನಾನು ಮುಂಡೆ. ಈ ಶಬ್ದ ಬರೆಯಲು ನನಗೆ ನಾಚಿಕೆಯಿಲ್ಲ, ದಿನಕ್ಕೆ ಹತ್ತು ಸಲ ಕೇಳಿದ್ದೇನೆ. ಹದಿನಾಲ್ಕಕ್ಕೆ ಮದುವೆ, ಹದಿನಾರಕ್ಕೆ ಗಂಡ ಜ್ವರ ಬಂದು ಸತ್ತ. ನಾವೆಲ್ಲ ನೀರು ಹಾಕಿಸಿಕೊಂಡದ್ದು ಅದರ ಮರು ವರ್ಷ. ಅವ್ವನ ಮನೆಯಲ್ಲಿದ್ದು ಕೂಲಿ ಮಾಡುತ್ತಿದ್ದೆ. ಇಪ್ಪತ್ತರ ಹೊತ್ತಿಗೆ ಆನೆಗೊಂದಿಯ ಕಡೆಯಿಂದ ಒಬ್ಬ ನನ್ನನ್ನು ಕೇಳಿಕೊಂಡು ಬಂದ. ಬಾಳೆಯ ನಾರಿನ ಹಗ್ಗ ಹೊಸೆಯುವವನು, ನಮ್ಮಂತೆಯೇ ಕ್ರಿಸ್ತನನ್ನು ನಂಬಿದವನು. ಅವನ ಹೆಂಡತಿಯೂ ಸತ್ತಿದ್ದಳು. ಮಾತು ಕಡಿಮೆ, ಕೈ ಚುರುಕು. ಅಷ್ಟು ಸಾಕೆಂದು ಒಪ್ಪಿದೆ.

ಗಂಡ ಸತ್ತವಳು ಮತ್ತೆ ಮದುವೆಯಾಗುವುದು ನಮ್ಮಲ್ಲಿ ಹಿಂದಿನಿಂದಲೂ ಇದ್ದದ್ದೇ. ಅದಕ್ಕೆ ಉಡಕಿ ಎನ್ನುತ್ತಾರೆ. ಆದರೆ ಉಡಕಿ ಕತ್ತಲಲ್ಲೇ ಆಗಬೇಕು. ಮುತ್ತೈದೆಯರು ಹತ್ತಿರ ಸುಳಿಯುವಂತಿಲ್ಲ. ಮಾರನೆಯ ದಿನ ಸೂರ್ಯ ನೆತ್ತಿಗೆ ಬರುವವರೆಗೆ ಅವಳು ಯಾರಿಗೂ ಮುಖ ತೋರಿಸುವಂತಿಲ್ಲ. ಬೆಳಿಗ್ಗೆ ಆ ಮುಖ ಕಂಡವರ ಮನೆಯಲ್ಲಿ ಸಾವಾಗುತ್ತದಂತೆ. ಗಂಡಸು ಮಾತ್ರ ಎಷ್ಟನೆಯ ಮದುವೆಯನ್ನಾದರೂ ಹಗಲಲ್ಲಿ, ಬಾಜಾ ಹಚ್ಚಿಸಿ ಮಾಡಿಕೊಳ್ಳಬಹುದು.

ವರ್ಷದ ಮೊದಲ ದಿನ ಪಾದ್ರಿಗಳು ಚಕ್ಕಡಿಯಲ್ಲಿ ಬರುವವರಿದ್ದರು. ಅವರು ಬರುತ್ತಿದ್ದದ್ದೇ ವರ್ಷಕ್ಕೆ ಎರಡೋ ಮೂರೋ ಸಲ. ಅಂದೇ ನನ್ನದೂ ಆಗಲೆಂದು ಮಾವ ಗೊತ್ತು ಮಾಡಿದ. ಬೆಳಿಗ್ಗೆ ಆರಾಧನೆ, ಆಮೇಲೆ ಊಟ, ಕತ್ತಲಾದ ಮೇಲೆ ಉಡಕಿ. ಪಾದ್ರಿಗಳು ಚಿಮಣಿ ಬೆಳಕಿನಲ್ಲಿ ನಾಲ್ಕು ಮಾತು ಹೇಳಿಬಿಟ್ಟರೆ ಮುಗಿಯಿತು.

ಹಗಲಲ್ಲೇ ಮಾಡಿರಿ ಎಂದೆ. ಅವ್ವ ಬಾಯಿ ಮುಚ್ಚು ಎಂದಳು. ಮಾವ ಸಿಟ್ಟಾಗಲಿಲ್ಲ, ಬುದ್ಧಿ ಹೇಳಿದ.

"ದೇವ್ರ ಬ್ಯಾರೆ, ರೂಢಿ ಬ್ಯಾರೆ ಐತವ್ವ. ಮುತ್ತೈದೇರ ಕಣ್ಣಿಗೆ ನೀ ಬೀಳಬಾರ್ದು."

"ನನ್ನ ತಲಿ ಮ್ಯಾಲ ನೀರ ಹಾಕಿಸಿದ್ದು ಹಗಲಿನ್ಯಾಗ ಅಲ್ಲೇನ್ರಿ ಮಾವ? ಅವತ್ತ ಮುತ್ತೈದೇರು ಕಣ್ಣ ಮುಚಗೊಂಡಿದ್ರೇನು?"

ಮಾವ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ವರ್ಷದ ಆರಾಧನೆಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು, ಹಳೆಯ ವರ್ಷದಲ್ಲಿ ಏನನ್ನು ಬಿಟ್ಟು ಬಂದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಒಬ್ಬ ಸೇಂದಿ ಬಿಟ್ಟೆ ಎಂದ. ಅವನು ಪ್ರತಿ ವರ್ಷವೂ ಅದನ್ನೇ ಬಿಡುತ್ತಿದ್ದ. ಇನ್ನೊಬ್ಬ ಅಣ್ಣನ ಸಂಗಡ ಜಗಳ ಬಿಟ್ಟ. ಹೆಂಗಸರು ಬಹಳ ಮಾಡಿ ತಂಬಾಕು ಬಿಡುತ್ತಿದ್ದರು. ಮುಂಡೆಯರು ಹಿಂದಿನ ಗೋಡೆಗೆ ಕೂಡುತ್ತಿದ್ದೆವು. ಸರದಿ ಬಂದಾಗ ನಾನು ಅಲ್ಲಿಂದಲೇ ಎದ್ದೆ.

"ನಾ ಮಾರಿ ಮುಚಗೊಳ್ಳೂದು ಬಿಟ್ಟೀನ್ರಿ. ಕತ್ತಲಾಗ ಮದುವಿ ಮಾಡ್ತೀವಿ ಅಂದ್ರ ಮದುವೀನೂ ಬಿಡ್ತೀನಿ."

ಪಾದ್ರಿಗಳು ದೂರದ ಊರಿನವರು, ಉಡಕಿಯ ರೂಢಿ ಅವರಿಗೆ ಗೊತ್ತಿರಲಿಲ್ಲ. ಕೂಲಿಗೆ ಹೋದವರು ಬಂದು ಸೇರಲಿ ಎಂದು ಮದುವೆಯನ್ನು ರಾತ್ರಿಗೆ ಇಟ್ಟಿದ್ದಾರೆ ಅಂದುಕೊಂಡಿದ್ದರಂತೆ. ಕತ್ತಲು ಏಕೆ ಎಂದು ಮಾವನನ್ನು ಕೇಳಿದರು. ಗೌಡರ ಎದುರಿಗೆ ಬಾಗದ ತಲೆ ಅಂದು ನೆಲ ನೋಡಿತು. ಬೇರೆ ಯಾರೋ ಬಿಡಿಸಿ ಹೇಳಿದರು. ಕೇಳಿಸಿಕೊಂಡು ಪಾದ್ರಿಗಳು, ಹಗಲಲ್ಲಿ ಮಾಡಲು ತಮ್ಮದೇನೂ ಅಡ್ಡಿಯಿಲ್ಲ, ಸಭೆ ಏನನ್ನುತ್ತದೆ ಎಂದರು.

ಮೂವರು ಮುತ್ತೈದೆಯರು ಸೆರಗು ಎಳೆದುಕೊಂಡು ಹೊರಗೆ ನಡೆದರು. ಒಬ್ಬಳು ನನ್ನ ಒಡಹುಟ್ಟಿದ ಅಕ್ಕ. ಅವಳು ಸಾಯುವವರೆಗೆ ಆ ಮಾತು ನಾನು ಎತ್ತಲಿಲ್ಲ, ಮರೆಯಲೂ ಇಲ್ಲ. ಹಗ್ಗ ಹೊಸೆಯುವವನು ಗಂಡಸರ ಸಾಲಿನಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತ.

ಕಡೆಗೆ ಮಾತಾಡಿದವಳು ಮಾವನ ಹೆಂಡತಿ, ನನ್ನ ಅತ್ತೆ. ಕೂತಲ್ಲಿಂದಲೇ ಗಂಡನಿಗೆ ಹೇಳಿದಳು.

"ಮನ್ಯಾಗ ಚಿಮಣಿ ಎಣ್ಣಿ ಒಂದ ಹನಿ ಇಲ್ಲ. ಈಗ ಮಾಡಿ ಮುಗಸ್ರಿ, ಹೋಳಿಗಿ ಆರಾಕ ಹತ್ಯಾವು."

ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟ, ಯಾರೂ ಎದುರಾಡಲಿಲ್ಲ. ಆದರೆ ಅವಳ ಡಬ್ಬಿಯಲ್ಲಿ ಎಣ್ಣೆ ಇತ್ತು. ಹಿಂದಿನ ದಿನ ಹೊತ್ತು ತಂದಿಟ್ಟವಳು ನಾನೇ.

ಕತ್ತಲಿಗೆಂದು ತೆಗೆದಿಟ್ಟ ಬಿಳಿ ಸೀರೆಯ ಮಡಿಕೆ ಬಿಚ್ಚಲಿಲ್ಲ. ಮೈಮೇಲಿದ್ದ ಕೆಂಪು ದಡಿಯ ಸೀರೆಯಲ್ಲೇ ಮದುವೆಯಾಯಿತು. ಮಾವ ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತಿದ್ದ.

ಮಾರನೆಯ ಬೆಳಿಗ್ಗೆ ಅವ್ವ ನನ್ನನ್ನು ಒಳಗೆ ಕೂಡಲು ಹೇಳಿದಳು. ನಮ್ಮ ಸಭೆಯ ಬೋಧಕರು ನಡೆಸುತ್ತಿದ್ದ ಸಾಲೆಯಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೇ, ಆದರೆ ಒಂದು ಸಂಗತಿ ತಲೆಯಲ್ಲಿ ಉಳಿದಿತ್ತು. ಕ್ರಿಸ್ತ ಸಮಾಧಿಯಿಂದ ಎದ್ದು ನಸುಕಿನಲ್ಲಿ ಮೊದಲು ಮುಖ ತೋರಿಸಿದ್ದು ಒಬ್ಬ ಹೆಂಗಸಿಗೆ. ನೀನು ಮುತ್ತೈದೆಯೋ ಮುಂಡೆಯೋ ಎಂದು ಅವನು ಕೇಳಲಿಲ್ಲ. ಅವನು ಕೇಳದ್ದನ್ನು ಇವರು ಯಾಕೆ ಕೇಳಬೇಕು? ಕೊಡ ತೆಗೆದುಕೊಂಡು ಹಳ್ಳದ ಒರತೆಗೆ ಹೋದೆ. ಅಲ್ಲಿದ್ದ ಹೆಂಗಸರು ಆ ಕಡೆ ತಿರುಗಿಕೊಂಡರು. ತಿರುಗಿಕೊಂಡರೆ ನೀರು ತುಂಬುವುದಿಲ್ಲವಲ್ಲ, ಅವರೇ ಮತ್ತೆ ಈ ಕಡೆ ತಿರುಗಬೇಕಾಯಿತು.

ಬರುವ ದಾರಿಯಲ್ಲಿ ಮಾವನ ಮನೆ. ಅವನು ಹೊರಗೆ ಮುಖ ತೊಳೆದುಕೊಳ್ಳುತ್ತಿದ್ದ. ನನ್ನ ಹೆಜ್ಜೆಯ ಸಪ್ಪಳ ತಿಳಿದು ವಲ್ಲಿಯನ್ನು ಮುಖಕ್ಕೆ ಒತ್ತಿಕೊಂಡ. ಕೊಡ ಟೊಂಕದ ಮೇಲಿತ್ತು, ನಾನು ನಿಂತೇ ಇದ್ದೆ. ಮುಖ ಒರೆಸಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

"ವಲ್ಲಿ ತೆಗೀರಿ ಮಾವ, ಮಾರಿ ಒಣಗೇತಿ" ಎಂದೆ.

ಮೆಲ್ಲಗೆ ತೆಗೆದ. ನನ್ನ ಮುಖ ನೋಡಿದ. ಆಮೇಲೆ ಕೊಡ ನೋಡಿದ.

"ನಮ್ಮನೀಗೂ ಒಂದೀಟು ಹಾಕವ್ವ" ಎಂದ.

ಅತ್ತೆಯ ಹಂಡೆಗೆ ಅರ್ಧ ಕೊಡ ಸುರಿದೆ. ಉಳಿದರ್ಧ ನನ್ನ ಗಂಡನ ಸ್ನಾನಕ್ಕೆ ಬೇಕಾಗಿತ್ತು.