ಸುಖ್‌ದಾಯಿ ಕಟ್ಟಿದ ಹಾಡು

ಬೇಯಿಸಿ ಪುಡಿಮಾಡಿದ ಬೇಳೆಯನ್ನು ಹಿಟ್ಟಿನೊಳಗೆ ತುಂಬಿ ಅಂಚು ಮುಚ್ಚುತ್ತಿರುವ ಸುಖ್‌ದಾಯಿ ಬಿಸ್ನಾಥ್, ಮೂವತ್ತನೆಯ ಉಂಡೆಯ ಹೊತ್ತಿಗೆ ಗುನುಗತೊಡಗುತ್ತಾರೆ. ಟ್ರಿನಿಡಾಡಿನ ಪೆನಾಲ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಏಳರೊಳಗೆ ಎಂಬತ್ತು ದಾಲ್‌ಪುರಿ ರೊಟ್ಟಿ ಆಗಬೇಕು.

ಅರವತ್ತೊಂದರ ಇವರನ್ನು ಊರು ರೊಟ್ಟಿಯಿಂದ ಬಲ್ಲದು. ಮದುವೆಗೆ ಮುಂಚಿನ ಶುಕ್ರವಾರ ಹೆಂಗಸರಷ್ಟೇ ಸೇರಿ ಶಾಸ್ತ್ರಕ್ಕೆ ಮಣ್ಣಗೆದು, ಬೀಗರ ಮಾನವನ್ನು ಹಾಡಿನಲ್ಲೇ ಹರಾಜಿಗಿಡುವ ಮಟಿಕೋರಿನಲ್ಲಿ ಮೊದಲ ದನಿ ಇವರದೇ. ಇದುವರೆಗೆ ನಲವತ್ತಕ್ಕೂ ಹೆಚ್ಚು ಹಾಡು ಕಟ್ಟಿದ್ದಾರೆ, ಅರ್ಧ ಭೋಜಪುರಿ, ಅರ್ಧ ಊರ ಮಾತು. ಯಾರದು ಎಂದು ಕೇಳಿದರೆ ‘ಆಜಿದು’, ಅಜ್ಜಿಯದು, ಎನ್ನುವುದೇ ರೂಢಿ. ನನ್ನದು ಎಂದವಳು ಜಂಬಗಾತಿ.

ನಗರದಿಂದ ಹಾಡು ಸಂಗ್ರಹಿಸಲು ಬಂದಾಕೆಗೂ ಹಾಗೇ ಹೇಳಿದ್ದರು. ಈಗ ಪುಸ್ತಕ ಬಂದಿದೆ. ಅದರಲ್ಲಿ ಸುಖ್‌ದಾಯಿ ಕಟ್ಟಿದ ಹಾಡೂ ಇದೆ: ‘ಹಡಗು ಹತ್ತುವಾಗ ತೋಳಲ್ಲಿ ಹೆಸರಿನ ಹಚ್ಚೆ, ಇಳಿಯುವಾಗ ಕೊರಳಲ್ಲಿ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಈಗ ಕೂಗಿದರೆ ಯಾರು ಓಗೊಡಬೇಕು?’ ಕೆಳಗೆ ಸಣ್ಣಕ್ಷರದಲ್ಲಿ: ‘ಹಳೆಯ ಹಾಡು. ಕಟ್ಟಿದವರು ತಿಳಿದಿಲ್ಲ.’

“ಕಬ್ಬಿನ ತೋಟದ ಕೂಲಿಗೆ ಅಂತ ಹಡಗಲ್ಲಿ ಬಂದೋಳು ನನ್ನ ಆಜಿ. ಸತ್ತಾಗ ಅವಳ ಪೆಟ್ಟಿಗೇಲಿ ಆ ಬಿಲ್ಲೆ ಸಿಕ್ತು. ನಂಗಾಗ ಇಪ್ಪತ್ಮೂರು. ಕಟ್ಟೋಕೆ ಮೂರು ದಿನ ಹಿಡೀತು,” ಎನ್ನುತ್ತಾರೆ ಸುಖ್‌ದಾಯಿ.

ಪೊಟ್ಟಣ ಸುತ್ತುತ್ತಿರುವ ನಾದಿನಿ ಡ್ರೂಪತಿ ನಗುತ್ತಾರೆ. “ಆಜಿದು ಅಂದೋಳು ನೀನೇ ತಾನೆ ಭೌಜಿ? ಈಗ ಹೋಗಿ ಪುಸ್ತಕದವಳ ಜುಟ್ಟು ಹಿಡೀತೀಯಾ? ರೊಟ್ಟಿ ಲಟ್ಟಿಸೋಳು ಕವಿಯಾಗ್ಬಿಟ್ಲು ಅಂತ ಊರೆಲ್ಲ ನಗುತ್ತೆ.”

“ನಗ್ಲಿ ಬಿಡು. ನಿನ್ನ ಮದುವೇಲಿ ನಿಮ್ಮತ್ತೆ ಮೂಗನ್ನ ಆಡ್ಕೊಂಡು ಎಲ್ರೂ ಹಾಡಿದ್ರಲ್ಲ, ಅದೂ ನಂದೇ.”

“ಅಯ್ಯೋ ಪಾಪಿ! ಮುದುಕಿ ಆರು ತಿಂಗಳು ನನ್ನ ಹತ್ರ ಮಾತೇ ಆಡ್ಲಿಲ್ಲ!”

ಪುಸ್ತಕ ಬಿಡುಗಡೆಯ ದಿನ ವೇದಿಕೆಯಲ್ಲಿ ಒಬ್ಬರು ಆ ಸಾಲುಗಳನ್ನು ಓದಿದಾಗ ಸಭೆ ಕಣ್ಣೊರೆಸಿಕೊಂಡಿತ್ತು. ಸುಖ್‌ದಾಯಿಯೂ ಅಲ್ಲಿದ್ದರು. ಊಟಕ್ಕೆ ಇನ್ನೂರು ರೊಟ್ಟಿ ಅವರಿಂದಲೇ ಹೋಗಿತ್ತು. “ಹಿಂದಿನ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ. ಎಲ್ರೂ ಚಪ್ಪಾಳೆ ತಟ್ಟಿದ್ರು. ನನ್ನ ಕೈಯಲ್ಲಿ ಪಾತ್ರೆ ಇತ್ತು.” ಊಟವಾದ ಮೇಲೆ ಆ ಸಂಗ್ರಾಹಕಿ ಬಂದು, ರೊಟ್ಟಿ ಬಹಳ ಮೆತ್ತಗಿದೆ ಮೌಸಿ, ಎಂದು ಹೊಗಳಿ ಹೋದರಂತೆ.

ಈ ಶುಕ್ರವಾರ ಪಕ್ಕದ ಬೀದಿಯಲ್ಲಿ ಮಟಿಕೋರ್. ಸಂಗ್ರಾಹಕಿ ಮತ್ತೆ ಧ್ವನಿಮುದ್ರಣಕ್ಕೆ ಬರುತ್ತಿದ್ದಾರೆ.

“ಏನು ಹಾಡ್ತೀ?” ಡ್ರೂಪತಿ ಕೇಳುತ್ತಾರೆ.

“ಬಾಯಿಗೆ ಬಂದದ್ದು.”

ಸುಖ್‌ದಾಯಿ ಕಾವಲಿಯ ಮೇಲಿನ ರೊಟ್ಟಿ ಮಗುಚುತ್ತಾರೆ. ಹೊಸ ಹಾಡಿನ ಕೊನೆಯ ಸಾಲಿನಲ್ಲಿ ತಮ್ಮ ಹೆಸರನ್ನು ಕೂರಿಸಿ ಆಗಿದೆ, ಕಿತ್ತರೆ ತಾಳ ತಪ್ಪುವ ಹಾಗೆ.