ಕೈಯಲ್ಲಿ ಕರೆದ ಹೆಸರು

ನನ್ನ ಗಂಡನ ಹೆಸರು ಪಕೀರಪ್ಪ. ಬರೆಯುತ್ತಿದ್ದೇನೆ, ಹೇಳುತ್ತಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಂದ ತೆಗೆಯುವುದಿಲ್ಲ. ಬರೆಯಬಾರದು ಅಂತ ಮಾತ್ರ ಯಾರೂ ಹೇಳಿಲ್ಲ. ಆ ಕಾಲಕ್ಕೆ ಬರೆಯಲು ಬರುವ ಹೆಂಗಸರು ಇರಲಿಲ್ಲವೇನೋ. ನಾನು ನಾಲ್ಕನೇ ಇಯತ್ತೆ ಓದಿದ್ದೇನೆ. ಇಷ್ಟಕ್ಕೆ ಸಾಕು.

ಆತನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಮಾತೂ ಬರಲಿಲ್ಲ. ಆತನ ಹೆಸರನ್ನು ನಾನು ಹೇಳುವಂತಿಲ್ಲ, ನನ್ನ ಹೆಸರನ್ನು ಹೇಳಲು ಆತನಿಗೆ ಬರುವುದಿಲ್ಲ. ಹೀಗೇ ಸಂಸಾರ ಮಾಡಿದೆವು.

ಒಂದು ಸಲ ಮಾತ್ರ ಹೇಳಿದ್ದೇನೆ. ಮದುವೆಯಾಗಿ ಮಸ್ಕಿಗೆ ಬಂದ ದಿನ. ಆತನ ಮನೆಯ ಬಾಗಿಲಿಗೆ ಹೆಂಗಸರು ಅಡ್ಡ ನಿಂತು, ಒಡಪು ಹೇಳಿದರೆ ಒಳಗೆ ಬಿಡುತ್ತೇವೆ ಅಂದರು. ಒಡಪು ಅಂದರೆ ಎರಡು ಸಾಲಿನ ಪದ ಕಟ್ಟಿ, ಅದರ ಬಾಲಕ್ಕೆ ಗಂಡನ ಹೆಸರು ಸೇರಿಸಿ ಹೇಳುವುದು. ಆವತ್ತು ಹೇಳಿದರೆ ತಪ್ಪಲ್ಲ.

“ಕಾಲುವಿ ನೀರಾಗ ಕಾಣತಾನ ಚಂದಪ್ಪ, ಬಾಗಿಲ ಬಿಡ್ರೆವ್ವಾ, ಹಿಂದ ನಿಂತಾನ ಪಕೀರಪ್ಪ” ಅಂದೆ.

ಸೆರಗು ಗದ್ದದ ತನಕ ಇಳಿದಿತ್ತು. ಅದರೊಳಗಿನಿಂದಲೇ ಹೇಳಿದೆ. ಬಾಗಿಲಲ್ಲಿದ್ದ ಎಲ್ಲರಿಗೂ ಕೇಳಿಸಿತು, ಆತನೊಬ್ಬನನ್ನು ಬಿಟ್ಟು.

ಆಮೇಲೆ ಗಂಡಿನ ಸರದಿ. “ಮೂಗ ಏನ್ ಹೇಳ್ತಾನ, ಒಳಗ ಬಿಡ್ರಬೇ” ಅಂದಳು ಒಬ್ಬ ಮುದುಕಿ. ಆತನ ಅಕ್ಕ ತಿಮ್ಮವ್ವ ಕೇಳಲಿಲ್ಲ. “ಯಾಕ ಹೇಳಂಗಿಲ್ಲ? ನನ್ನ ತಮ್ಮಗ ಕೈ ಇಲ್ಲೇನು?” ಅಂತ ನನ್ನ ಸೆರಗು ಹಿಂದಕ್ಕೆ ಸರಿಸಿ, ನನ್ನ ಕಡೆ ಬೆರಳು ಮಾಡಿ, ಆತನಿಗೆ ಹುಬ್ಬು ಹಾರಿಸಿದಳು.

ಆತ ನನ್ನನ್ನು ನೋಡಿದ. ಬಲಗೈ ಮುಷ್ಟಿಯನ್ನು ಕಿವಿಯ ಮೇಲೆ, ತಲೆಯ ಪಕ್ಕಕ್ಕೆ ತಂದ. ಅದನ್ನು ಮುಂದಕ್ಕೆ ಒಯ್ಯುತ್ತ ಐದೂ ಬೆರಳು ಬಿಚ್ಚಿದ.

ಯಾರಿಗೂ ತಿಳಿಯಲಿಲ್ಲ. ನನ್ನ ಜೊತೆ ತವರಿನಿಂದ ಬಂದಿದ್ದ ಹೊನ್ನೂರಮ್ಮನೇ ಮೊದಲು ಬಾಯಿ ಬಿಟ್ಟಳು. “ಅಯ್ಯ, ತಲಿಬ್ಯಾನಿ ಅಂದ್ನಲ್ಲಬೇ! ಹೊಸ್ತಿಲ ದಾಟೂಕ ಮೊದ್ಲ ತಲಿ ಸಿಡದು ಹೋಳಾತು ಅಳಿಯಂದು!”

ಎಲ್ಲರೂ ನಕ್ಕರು. ನಗುವುದನ್ನು ನೋಡಿ ಆತನೂ ನಕ್ಕ. ಅಂದಿನಿಂದ ಅದೇ ನನ್ನ ಹೆಸರಾಯಿತು. ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ. ಆಮೇಲೆ ನಾವು ಸಿಂಧನೂರಿನಲ್ಲಿ ಮನೆ ಮಾಡಿದೆವು. ಅಲ್ಲಿ ಹೊನ್ನೂರಮ್ಮ ನನ್ನ ಪಕ್ಕದ ಮನೆಗೇ ಬಂದಳು, ಅವಳ ಗಂಡ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಓಣಿಯೆಲ್ಲ ನನ್ನನ್ನು ತಲಿಬ್ಯಾನಿ ಅಂತಲೇ ಕರೆಯಿತು.

ಆತನನ್ನೇ ಕೇಳಬಹುದಿತ್ತಲ್ಲ ಅನ್ನಬಹುದು. ಕೇಳಿದ್ದೇನೆ. ಆ ಗುರುತು ಮಾಡಿ ತೋರಿಸಿ, ಏನು ಅಂತ ಕೈ ತಿರುವಿದೆ. ಆತ ನನ್ನ ಎದೆಗೆ ಬೆರಳಿಟ್ಟ. ನೀನು ಅಂತ. ನಿಮ್ಮ ಹೆಸರು ಅಂದರೆ ಏನು ಅಂತ ಕೇಳಿದರೆ ನೀವಾದರೂ ಏನು ಹೇಳುತ್ತೀರಿ?

ಆತನ ಕೆಲಸ ಸಿನಿಮಾ ಪೋಸ್ಟರ್ ಹಚ್ಚುವುದು. ಮೈದಾ ಕುದಿಸಿ ಅಂಟು ಮಾಡಿ ಬಕೀಟಿಗೆ ಹಾಕಿ ಸೈಕಲ್ಲಿಗೆ ಕಟ್ಟುತ್ತಿದ್ದೆ. ಸಿಂಧನೂರಿನ ಗೋಡೆಗಳು, ತುರ್ವಿಹಾಳದ ಬಸ್ ನಿಲ್ದಾಣ, ಕಾಲುವೆ ಸೇತುವೆ, ಎಲ್ಲ ಕಡೆ ಹಚ್ಚಿ ಬರುತ್ತಿದ್ದ. ಟಾಕೀಸಿನವರು ಆತನನ್ನು ಪುಕ್ಕಟೆ ಒಳಗೆ ಬಿಡುತ್ತಿದ್ದರು. ಬಂದ ಪಿಕ್ಚರ್ ಒಂದೂ ಬಿಡಲಿಲ್ಲ. ನೋಡಿ ಬಂದು ಮನೆ ಮುಂದಿನ ಕಟ್ಟೆ ಮೇಲೆ ಹೆಂಗಸರಿಗೆಲ್ಲ ಕೈಯಲ್ಲಿ ಕತೆ ಹೇಳುತ್ತಿದ್ದ. ಹೀರೋ ಆತನೇ, ವಿಲನ್ ಆತನೇ, ಹೀರೋಯಿನ್ ಅತ್ತರೆ ನನ್ನ ಸೆರಗು ಎಳೆದು ಕಣ್ಣೊರೆಸಿಕೊಳ್ಳುತ್ತಿದ್ದ. ಕಿವಿ ಕೇಳುವವರು ನೋಡಿ ಬಂದು ಬೇರೆ ಕತೆ ಹೇಳಿದರೆ, ಹೊನ್ನೂರಮ್ಮ ಅನ್ನುತ್ತಿದ್ದಳು: “ಇವ ಹೇಳಿದ್ದ ಚಲೋ ಐತಿ ಬಿಡು.”

ಒಂದು ಪಿಕ್ಚರಿನ ಕತೆ ಮಾತ್ರ ಹೇಳಲಿಲ್ಲ. ಬಂದವನೇ ಮಲಗಿಬಿಟ್ಟ. ನಾನು ಟಿವಿಯಲ್ಲಿ ಬಂದಾಗ ನೋಡಿದೆ. ಅದರಲ್ಲಿ ಒಬ್ಬ ಮೂಗ ಇದ್ದ. ಅರ್ಧ ಪಿಕ್ಚರ್ ಅವನನ್ನು ಎಲ್ಲರೂ ಹೊಡೆಯುತ್ತಾರೆ, ನೋಡುವವರು ನಗಬೇಕು. ಕೊನೆಗೆ ಗುಡಿಯ ಗಂಟೆ ಬಾರಿಸುತ್ತದೆ, ಅವನಿಗೆ ಮಾತು ಬರುತ್ತದೆ, ನೋಡುವವರು ಅಳಬೇಕು. ನಾನು ಯೋಚನೆ ಮಾಡಿದೆ. ಮಾತು ಬರದೇ ಇದ್ದರೆ ಆ ಪಿಕ್ಚರ್ ಮುಗಿಯುತ್ತಿರಲಿಲ್ಲವೇ? ಮೂಗನಾಗಿಯೇ ಮದುವೆಯಾಗಿ, ಸಂತೆಗೆ ಹೋಗಿ ಬದನೆಕಾಯಿ ತಂದರೆ ಯಾರೂ ನೋಡುವುದಿಲ್ಲವೇ? ನಮ್ಮದು ಹಾಗೇ ನಡೆಯಿತು.

ಆತ ನನ್ನ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಮೊದಲು ನನಗೆ ಅದು ಗೊತ್ತಿರಲಿಲ್ಲ. ಹಿರಿಯರ ಮುಂದೆ ಬಾಯಿಗೆ ಸೆರಗು ಮುಚ್ಚಿ ಮಾತಾಡುವುದು ನಮ್ಮ ಪದ್ಧತಿ. ಆತ ಕೈ ಚಾಚಿ ಸೆರಗು ಕೆಳಗೆ ಎಳೆಯುತ್ತಿದ್ದ, ಎಲ್ಲರ ಎದುರೇ. “ನಾಚಿಕಿಗೆಟ್ಟಾಂವ, ಹಗಲ್ಹೊತ್ತಿನ್ಯಾಗ ಹೇಣ್ತಿ ಮಾರಿ ನೋಡ್ತಾನ” ಅಂತ ಅತ್ತೆ ಬೈಯುತ್ತಿದ್ದಳು. ನಾನೂ ಹಾಗೇ ತಿಳಿದಿದ್ದೆ. ಮುಖ ಅಲ್ಲ, ಮಾತು ನೋಡುತ್ತಿದ್ದಾನೆ ಅಂತ ತಿಳಿದ ಮೇಲೆ ಸಿಂಧನೂರಿನ ಮನೆಯಲ್ಲಿ ಸೆರಗು ಮುಚ್ಚುವುದು ಬಿಟ್ಟೆ. ಕರೆಯಬೇಕಾದರೆ ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದೆ. ನೆಲ ಅದುರಿದರೆ ತಿರುಗುತ್ತಿದ್ದ. ಹೆಸರಿನ ಕೆಲಸ ಬೀಳಲಿಲ್ಲ.

ಕಾಗದದಲ್ಲಿ ಆತನಿಗೆ ಮೊದಲು ಅಂಗವಿಕಲ ಅಂತ ಇತ್ತು. ಆಮೇಲೆ ವಿಕಲಚೇತನ ಆಯಿತು. ಈಗ ಭಾಷಣದಲ್ಲಿ ದಿವ್ಯಾಂಗ ಅನ್ನುತ್ತಾರೆ. ಓಣಿಯಲ್ಲಿ ಮಾತ್ರ ಮೂಗ ಅಂತಲೇ ಉಳಿಯಿತು. ಒಮ್ಮೆ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಪಾಸು ತೋರಿಸಿದರೆ ಕಂಡಕ್ಟರ್ ಆತನನ್ನು ಮೇಲಿಂದ ಕೆಳಗೆ ನೋಡಿದ.

“ಕೈ ಕಾಲು ಗಟ್ಟಿ ಅದಾವ. ಎಲ್ಲೈತಮ್ಮ ಅಂಗವಿಕಲ?”

“ಕಿವಿ ರೀ” ಅಂದೆ.

“ಕಿವಿನೂ ಎಲ್ಡು ಅದಾವಲ್ಲ!”

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಪರೀಕ್ಷೆ ಮಾಡಲು ಆತನ ಬೆನ್ನ ಹಿಂದೆ ನಿಂತು “ಲೇ, ಹಾವು!” ಅಂತ ಕೂಗಿದ. ಹಿಂದಿನ ಸೀಟಿನವರು ಎದ್ದೆವೋ ಬಿದ್ದೆವೋ ಅಂತ ಬಾಗಿಲ ಕಡೆ ಓಡಿದರು. ಆತ ಕಿಟಕಿಯಿಂದ ಗೋಡೆ ಮೇಲಿನ ಪೋಸ್ಟರ್ ನೋಡುತ್ತ ಕುಂತೇ ಇದ್ದ.

ಹೋದ ಮಳೆಗಾಲದಲ್ಲಿ ಆತ ತೀರಿಕೊಂಡ. ಕಾಮಾಲೆ. ಇವತ್ತಿಗೂ ಜನ ಕೇಳುತ್ತಾರೆ: “ಲಾರಿ ಹಾರ್ನ್ ಕೇಳ್ಸಲಿಲ್ಲೇನವ್ವ?” ಕಿವುಡ ಸತ್ತರೆ ಲಾರಿಯೇ ಹೊಡೆದಿರಬೇಕು ಅಂತ ಅವರ ಲೆಕ್ಕ. ಕಾಮಾಲೆಗೆ ಕಿವಿ ಬೇಕಿಲ್ಲ.

ಮೊದಲು ಮೂಗನ ಹೆಂಡತಿ ಆಗಿದ್ದೆ. ಈಗ ಗಂಡ ಸತ್ತಾಕಿ. ಅಮರೇಶ್ವರಿ ಅಂತ ರೇಷನ್ ಅಂಗಡಿಯಲ್ಲಿ ಮಾತ್ರ ಕರೆಯುತ್ತಾರೆ. ಒಂದು ದಿನ ಹೊನ್ನೂರಮ್ಮ ಪಕ್ಕದಲ್ಲಿ ಕುಂತು ಅತ್ತಳು. “ಇನ್ನ ನಿನಗ ತಲಿಬ್ಯಾನಿ ಅನ್ನಾಂವ ಹ್ವಾದ ನೋಡಬೇ” ಅಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಅದು ಒಳಗೆ ಕುಂತಿತು. ಇಷ್ಟು ವರ್ಷ ನಾನು ಆತನಿಗೆ ತಲೆನೋವೇ ಆಗಿದ್ದೆನೇ? ಮೊದಲ ದಿನ ನನ್ನ ಮುಖ ನೋಡಿದವನಿಗೆ ಹಾಗೆ ಅನ್ನಿಸಿತೇ? ಬದುಕಿದ್ದಾಗ ಅದು ನಗೆಯ ಮಾತು. ಸತ್ತ ಮೇಲೆ ನಗಲು ಆಗಲಿಲ್ಲ. ತಿಳಿಯಲೇಬೇಕು ಅಂತ ಮಸ್ಕಿ ಬಸ್ ಹತ್ತಿದೆ.

ತಿಮ್ಮವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕೇಳಿದೆ. ಅವಳು ಕೈ ಜಾಡಿಸಿ ಎದ್ದಳು.

“ತಲಿಬ್ಯಾನಿ ಅಂತ ಯಾರ್ ಹೇಳಿದ್ರು ನಿನಗ?”

“ಹೊನ್ನೂರಿ.”

“ಅಕಿಗೇನ್ ಗೊತ್ತು ಅಕಿ ತಲಿ! ನನ್ನ ತಮ್ಮ ತಲಿಬ್ಯಾನಿಗೆ ಹಿಂಗ್ ಮಾಡ್ತಿದ್ದ” ಅಂತ ಎರಡೂ ಕೈಯಿಂದ ಕಣತಲೆ ಒತ್ತಿ ತೋರಿಸಿದಳು. “ಸಣ್ಣಾಂವ ಇದ್ದಾಗಿಂದ ಇದ. ನೀ ಹೇಳೂದು ಬ್ಯಾರೆ ಐತಿ.”

ನಿಜ. ಜ್ವರ ಬಂದಾಗ ಆತ ಹಾಗೇ ಕಣತಲೆ ಒತ್ತುತ್ತಿದ್ದ. ಕಣ್ಣೆದುರೇ ಇತ್ತು, ನನಗೆ ಹೊಳೆದಿರಲಿಲ್ಲ. “ಮತ್ತ ಅದೇನಕ್ಕಾ?”

“ನನಗೂ ಗೊತ್ತಿಲ್ಲವ್ವ. ನಾ ಕಲಿಸಿದ್ದಲ್ಲ ಅದು. ಲಿಂಗಸುಗೂರಾಗ ಅದಾನಲ್ಲ ಅವನ ಸಿನಿಮಾ ಗೆಣೆಯ, ಅವನ್ನ ಕೇಳು. ಇಬ್ರೂ ಕೂಡಿ ಏನೇನ್ ಕೈ ತಿರುವ್ತಿದ್ರೋ, ನಮಗ ಒಂದೂ ತಿಳೀತಿರ್ಲಿಲ್ಲ.”

ಗೆಣೆಯ ಅಂದರೆ ನಿಯಾಜ್. ಅವನಿಗೂ ಕಿವಿ ಕೇಳಿಸುವುದಿಲ್ಲ. ಮದುವೆಗೆ ಮುಂಚೆ ನನ್ನ ಗಂಡ ಲಿಂಗಸುಗೂರಿನಲ್ಲಿ ಅವನ ಜೊತೆ ಪೋಸ್ಟರ್ ಹಚ್ಚುತ್ತಿದ್ದ. ಈಗ ನಿಯಾಜ್ ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುತ್ತಾನೆ. ಮಣ್ಣಿಗೆ ಬಂದಿದ್ದ, ಆದರೆ ಅವತ್ತು ಕೇಳುವ ಸ್ಥಿತಿ ನನ್ನದಾಗಿರಲಿಲ್ಲ.

ಲಿಂಗಸುಗೂರಿಗೆ ಹೋದೆ. ಅವನ ಅಂಗಡಿ ಅಂದರೆ ತಗಡಿನ ಡಬ್ಬ, ಮುಂದೆ ಷಟರ್. ಅವನ ಮಗಳು ಮಹೆಕ್ ಕಾಲೇಜು ಮುಗಿಸಿ ಅಲ್ಲೇ ಕುಂತಿರುತ್ತಾಳೆ, ಗಿರಾಕಿಗಳ ಮಾತನ್ನು ಅಪ್ಪನ ಕೈಗೆ ಮುಟ್ಟಿಸುತ್ತಾಳೆ. ನನ್ನನ್ನು ಕಂಡು ಎದ್ದು ಸ್ಟೂಲು ಹಾಕಿದಳು.

“ಬರ್ರೀ ಚಾಚಿ. ಚಾ ತರ್ಸಲೇನು?”

“ಚಾ ಇರ್ಲಿ ಯವ್ವಾ. ನಿಮ್ಮಪ್ಪನ್ನ ಒಂದು ಕೇಳೂದೈತಿ.”

ನಿಯಾಜ್ ಬ್ರಷ್ ಕೆಳಗಿಟ್ಟು ನನ್ನ ಕಡೆ ನೋಡಿದ. ಅವನೂ ಹಾಗೇ ನೋಡುತ್ತಾನೆ, ಬಾಯಿಯನ್ನು. ನಾನು ಮುಷ್ಟಿಯನ್ನು ಕಿವಿಯ ಮೇಲೆ ತಂದೆ, ಮುಂದಕ್ಕೆ ಒಯ್ದು ಬೆರಳು ಬಿಚ್ಚಿದೆ. ಇದೇನು ಅಂತ ಕೈ ತಿರುವಿದೆ.

ನಿಯಾಜ್ ಮುಖ ಅರಳಿತು. ಎದ್ದವನೇ ಷಟರ್ ಹಿಡಿದು ನೆಲದ ತನಕ ಎಳೆದುಬಿಟ್ಟ. ಒಳಗೆ ಕತ್ತಲಾಯಿತು. ನಾನು ಸ್ಟೂಲು ಬಿಟ್ಟು ಎದ್ದೆ.

“ಹೆದರಬ್ಯಾಡ್ರಿ ಚಾಚಿ, ಅಪ್ಪ ಏನೋ ತೋರಸ್ತಾನ” ಅಂದಳು ಮಹೆಕ್.

ಷಟರಿನ ತಗಡಿನಲ್ಲಿ ಮೇಲೆ ಒಂದು ತೂತು ಇತ್ತು. ಅದರೊಳಗಿಂದ ಬಿಸಿಲು ಕೋಲಿನಂತೆ ಒಳಗೆ ಬಿದ್ದಿತ್ತು, ಅದರಲ್ಲಿ ಧೂಳು ಆಡುತ್ತಿತ್ತು. ನಿಯಾಜ್ ನನ್ನ ಸ್ಟೂಲನ್ನು ತಿರುಗಿಸಿ ಷಟರಿಗೆ ಬೆನ್ನು ಮಾಡಿ ಕೂರಿಸಿದ. ಬಿಸಿಲು ನನ್ನ ತಲೆಯ ಪಕ್ಕದಿಂದ ಹಾದು ಎದುರಿನ ಗೋಡೆಗೆ ಬಿತ್ತು. ಅವನು ಆ ಬೆಳಕಿನ ಗುಂಟ ಕೈ ಒಯ್ದ. ಕಿವಿಯ ಮೇಲಿಂದ ಮುಷ್ಟಿ, ಮುಂದೆ ಬೆರಳು ಬಿಚ್ಚಿತು, ಗೋಡೆ ಬೆಳಗಿತು.

“ಸಿನಿಮಾ ಲೈಟ್ ರೀ ಚಾಚಿ” ಅಂದಳು ಮಹೆಕ್. ಅವಳಿಗೂ ಹೊಸದು, ದನಿಯಲ್ಲೇ ತಿಳಿಯಿತು. “ಟಾಕೀಸಿನ್ಯಾಗ ಹಿಂದ್ಲಿಂದ ತಲಿ ಮ್ಯಾಲೆ ಹಾಯ್ದು ಬರ್ತೈತಲ್ಲ, ಅದು.”

ನಿಯಾಜ್ ಷಟರ್ ಎತ್ತಿದ. ಕೈ ಬಿಡುವಿಲ್ಲದೆ ಆಡಿತು. ಮಹೆಕ್ ಒಂದೊಂದೇ ಹೇಳಿದಳು. “ಇವರಿಗೆ ಬೆಲ್ ಕೇಳಂಗಿಲ್ಲ, ಹಾಡು ಕೇಳಂಗಿಲ್ಲ. ಆ ಲೈಟ್ ಬಿತ್ತಂದ್ರ ಪಿಕ್ಚರ್ ಸುರು ಅಂತ ಗೊತ್ತಾಗ್ತಿತ್ತಂತ. ಒಬ್ಬರ್ನ ಒಬ್ರು ತಿವಿದು ಹಿಂಗ್ ಮಾಡ್ಕೊಂತಿದ್ರಂತ.”

ತಿಮ್ಮವ್ವ ಸೆರಗು ಸರಿಸಿದ್ದು ನೆನಪಾಯಿತು. ಆದರೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ.

“ಬರೇ ಸಿನಿಮಾಕ್ಕ ಅಷ್ಟ ಮಾಡ್ತಿದ್ರೇನು ಕೇಳು.”

ಮಹೆಕ್ ಕೇಳಿದಳು. ನಿಯಾಜ್ ತಲೆ ಕೆರೆದುಕೊಂಡ. ಆಮೇಲೆ ನಾಚಿ ನಕ್ಕ.

“ಇಲ್ಲಂತ್ರೀ. ಕರೆಂಟ್ ಬಂದ್ರೂ ಅದ ಮಾಡ್ತಿದ್ರಂತ. ಚಾ ಬಂದ್ರೂ ಅದ. ಮದಿವ್ಯಾಗ ಊಟಕ್ಕ ಎಲಿ ಹಾಕಿದ್ರೂ ಅದ ಅಂತ.”

“ಅಂದ್ರ ನಾ ಪಿಕ್ಚರೋ, ಕರೆಂಟೋ, ಊಟದ ಎಲೀನೋ?” ಅಂದೆ.

ಮಹೆಕ್ ನಕ್ಕು ನಕ್ಕು ಅಪ್ಪನಿಗೆ ಅದನ್ನು ಕೈಯಲ್ಲಿ ಹೇಳಿದಳು. ನಿಯಾಜ್ ನಗಲಿಲ್ಲ. ಎರಡೂ ಕಣತಲೆ ಒತ್ತಿ ತೋರಿಸಿ, ಕೈ ಅಡ್ಡ ಆಡಿಸಿದ. ಅದನ್ನು ಮಹೆಕ್ ಹೇಳುವುದು ಬೇಕಾಗಲಿಲ್ಲ. ತಲಿಬ್ಯಾನಿ ಅಂತೂ ಅಲ್ಲ.

ಆಗ ನಾನು ಅತ್ತೆ. ಚಾ ಬಂತು. ಕುಡಿದೆ.

ಏಳುವಾಗ ನಿಯಾಜ್ ತಡೆದು ಮಗಳಿಗೆ ಏನೋ ಅಂದ. “ಅವ ನಿಮಗ ಹಿಂಗ್ ಕರೀತಿದ್ದ, ನೀವ್ ಅವಗ ಏನಂತ ಕರೀತಿದ್ರಿ ಅಂತ ಕೇಳಾಕತ್ತಾನ್ರೀ ಅಪ್ಪ.”

“ನಾ ಕರೀಲಿಲ್ಲವ್ವ. ಕಾಲಿಲೆ ನೆಲಕ್ಕ ಬಡೀತಿದ್ದೆ. ಗಂಡನ ಹೆಸರ ಹೆಂಗ ಹೇಳೂದು?”

ಮಹೆಕ್ ಸ್ವಲ್ಪ ಯೋಚಿಸಿದಳು. “ಅಪ್ಪಗ ದನಿ ಯಾಕ ಬೇಕ್ರೀ ಚಾಚಿ? ತುಟಿ ಆಡಿಸ್ರಿ ಸಾಕು.”

ಅದು ನನಗೆ ಎಂದೂ ಹೊಳೆದಿರಲಿಲ್ಲ. ನಿಯಾಜ್ ನನ್ನ ಮುಖ ನೋಡುತ್ತ ನಿಂತಿದ್ದ. ಪರ ಗಂಡಸಿನ ಮುಂದೆ ಸೆರಗು ಬಾಯಿಗೆ ಬಂದಿತ್ತು. ಅದನ್ನು ಕೆಳಗೆ ಎಳೆದೆ. ಆತ ಎಳೆಯುತ್ತಿದ್ದ ಹಾಗೆಯೇ ಎಳೆದೆ. ದನಿ ತೆಗೆಯದೆ, ಬಾಯಿ ಬಿಡಿಸಿ, ನಿಧಾನಕ್ಕೆ ಹೆಸರು ಆಡಿಸಿದೆ.

ನಿಯಾಜ್ ತಲೆದೂಗಿದ. ಅಂಗೈಯನ್ನು ಗೋಡೆಗಿಟ್ಟು ಮೇಲಿಂದ ಕೆಳಗೆ ಸವರಿದ, ಪೋಸ್ಟರಿಗೆ ಅಂಟು ಹಚ್ಚಿದ ಹಾಗೆ. ಅದು ಅವನು ನನ್ನ ಗಂಡನಿಗೆ ಇಟ್ಟ ಹೆಸರು.

“ತಿಳೀತ್ರೀ ಚಾಚಿ ಅಪ್ಪಗ. ನೀವ್ ಹೇಳಿದ್ದು.”

“ನಾ ಎಲ್ಲಿ ಹೇಳೀನಿ? ನಿನಗ ಕೇಳ್ಸೀತೇನು?”

“ಇಲ್ಲ ಬಿಡ್ರಿ” ಅಂದಳು ಮಹೆಕ್.

ನಾನು ಇನ್ನೊಂದು ಸಲ ಆಡಿಸಿದೆ.